ಪಾಸ್‌ವರ್ಡಿಗೂ ಮುಂಚಿನ ಗಡಿಯಾರ

ಕಲಬುರಗಿ ರೈಲು ನಿಲ್ದಾಣದಲ್ಲಿ ಸಂಜೆ ಏಳೂವರೆಗೆ ಗಾಡಿ ಇದ್ದರೆ ಫಲಕದ ಮೇಲೆ ಮೂಡುವುದು 19:30. ಬೀದರ್ ದಾರಿಯ ಕಮಲಾಪುರದವರಿಗೂ ಈ ಲೆಕ್ಕ ಮನೆ ಬಾಗಿಲಿಗೇ ಬಂದಿದೆ. ಬೀದರ್–ಕಲಬುರಗಿ ರೈಲು ಮಾರ್ಗ ಉದ್ಘಾಟನೆಯಾದದ್ದು 2017ರ ಅಕ್ಟೋಬರ್ 29ರಂದು. ಆದರೆ ಟಿಕೆಟ್ ತೆಗೆಸಲು ಆನ್‌ಲೈನ್ ಸೇವೆಯ ಅಂಗಡಿಗೆ ಹೋದರೆ ಅಲ್ಲಿನ ಕಂಪ್ಯೂಟರ್ ಬರೀ 7:30 ಎಂದು ತೋರಿಸುತ್ತ ಕೂತಿರುತ್ತದೆ. ಅದು ಬೆಳಗಿನದೋ ಸಂಜೆಯದೋ ಎಂಬುದನ್ನು ಬಾಗಿಲಾಚೆಯ ಬೆಳಕು ನೋಡಿಯೇ ತಿಳಿಯಬೇಕು.

ಅಂಗಡಿಯವರು ಸೆಟ್ಟಿಂಗ್ಸ್ ತೆರೆದು 24 ಗಂಟೆಯ ಕ್ರಮಕ್ಕೆ ಬದಲಿಸಿದರು ಎಂದುಕೊಳ್ಳಿ. ಪರದೆಯ ಮೂಲೆಯಲ್ಲಿ 19:30 ಬಂತು, ಕೆಲಸ ಮುಗಿಯಿತು. ಮರುದಿನ ಕಂಪ್ಯೂಟರ್ ಶುರು ಮಾಡಿದರೆ, ಪಾಸ್‌ವರ್ಡ್ ಕೇಳುವ ಲಾಗಿನ್ ಪರದೆಯಲ್ಲಿ ಮತ್ತದೇ ಹಳೆಯ ಗಡಿಯಾರ!

ಇದರಲ್ಲಿ ಕಂಪ್ಯೂಟರಿನ ತಪ್ಪೇನೂ ಇಲ್ಲ. ಕೂಡುಕುಟುಂಬದ ಮನೆಯಲ್ಲಿ ನಿಮ್ಮ ಕೋಣೆಯ ಗಡಿಯಾರವನ್ನು ನೀವು ಹೇಗೆ ಬೇಕಾದರೂ ಇಟ್ಟುಕೊಳ್ಳಬಹುದು, ಪಡಸಾಲೆಯದು ಮಾತ್ರ ಎಲ್ಲರದು. ಒಂದೇ ಕಂಪ್ಯೂಟರಿನಲ್ಲಿ ನಾಲ್ಕು ಜನರ ಖಾತೆಗಳಿರಬಹುದು. ಒಬ್ಬರಿಗೆ 12 ಗಂಟೆಯ ಕ್ರಮ ಇಷ್ಟ, ಇನ್ನೊಬ್ಬರಿಗೆ 24 ಗಂಟೆಯದು. ಪಾಸ್‌ವರ್ಡ್ ಹಾಕುವ ತನಕ ಎದುರಿಗೆ ಕೂತವರು ಯಾರೆಂದು ಯಂತ್ರಕ್ಕೆ ಗೊತ್ತಿರುವುದಿಲ್ಲ. ಹಾಗಾಗಿ ಅದು ಯಾರ ಇಷ್ಟವನ್ನೂ ನೋಡದೆ, ತನ್ನನ್ನು ಸಜ್ಜುಗೊಳಿಸಿದ ದಿನ ಆರಿಸಿದ ಭಾಷೆ ಮತ್ತು ದೇಶದ ರೂಢಿಯಂತೆ ಸಮಯ ತೋರಿಸುತ್ತದೆ. ಅಂದು ಅಮೆರಿಕದ ಇಂಗ್ಲಿಷ್ ಆರಿಸಿದ್ದರೆ 12 ಗಂಟೆಯ ಕ್ರಮ, ಬ್ರಿಟನ್ನಿನ ಇಂಗ್ಲಿಷ್ ಆರಿಸಿದ್ದರೆ 24 ಗಂಟೆಯದು.

ವಿಂಡೋಸ್‌ನಲ್ಲಿ ಇದನ್ನು ಸರಿಪಡಿಸಲು ಎರಡು ಹೆಜ್ಜೆ ಬೇಕು. ಕಂಟ್ರೋಲ್ ಪ್ಯಾನೆಲ್‌ನ ‘ರೀಜನ್’ ತೆರೆದು, ‘ಫಾರ್ಮ್ಯಾಟ್ಸ್’ ಪುಟದಲ್ಲಿ ‘ಶಾರ್ಟ್ ಟೈಮ್’ ಬದಲಿಸುವುದು ಮೊದಲನೆಯದು. ಅಲ್ಲಿ ಇಂಗ್ಲಿಷಿನ ‘ಎಚ್’ ಅಕ್ಷರ ಚಿಕ್ಕದಿದ್ದರೆ 12 ಗಂಟೆ, ದೊಡ್ಡದಿದ್ದರೆ 24 ಗಂಟೆ. ಬಹಳ ಜನ ಇಲ್ಲಿಗೇ ನಿಲ್ಲುತ್ತಾರೆ. ಅದೇ ಕಿಟಕಿಯ ‘ಅಡ್ಮಿನಿಸ್ಟ್ರೇಟಿವ್’ ಪುಟದಲ್ಲಿ ‘ಕಾಪಿ ಸೆಟ್ಟಿಂಗ್ಸ್’ ಒತ್ತಿ, ‘ವೆಲ್‌ಕಮ್ ಸ್ಕ್ರೀನ್ ಅಂಡ್ ಸಿಸ್ಟಮ್ ಅಕೌಂಟ್ಸ್’ ಎಂಬುದರ ಮುಂದೆ ಟಿಕ್ ಹಾಕಿದಾಗಲೇ ಕೋಣೆಯ ಲೆಕ್ಕ ಪಡಸಾಲೆಗೆ ಬರುವುದು. ಇದಕ್ಕೆ ಅಡ್ಮಿನ್ ಅಧಿಕಾರ ಬೇಕು. ಕಚೇರಿಯ ಕಂಪ್ಯೂಟರ್ ಆದರೆ ಅದನ್ನು ನೋಡಿಕೊಳ್ಳುವವರನ್ನೇ ಕೇಳಬೇಕು.

ಲಿನಕ್ಸ್‌ನಲ್ಲಿ ಈ ಗುಟ್ಟು ಇನ್ನಷ್ಟು ಬಯಲಾಗಿಯೇ ಇದೆ. ಲಿನಕ್ಸ್‌ನ ಒಂದು ಬಗೆಯಾದ ಉಬುಂಟು ತನ್ನ 17.10ನೇ ಆವೃತ್ತಿಯಿಂದ ಬಳಸುತ್ತಿರುವ ‘ಜಿಡಿಎಂ’ ಎಂಬ ಲಾಗಿನ್ ವ್ಯವಸ್ಥೆ ತನ್ನದೇ ಹೆಸರಿನ ಬೇರೊಂದು ಖಾತೆಯಲ್ಲಿ ನಡೆಯುತ್ತದೆ. ಅಂದರೆ ಮನುಷ್ಯರಲ್ಲದ ಬಳಕೆದಾರನೊಬ್ಬ ಅಲ್ಲಿ ಮೊದಲೇ ಬಂದು ಕೂತಿರುತ್ತಾನೆ, ಅವನ ಗಡಿಯಾರವನ್ನು ಬೇರೆಯೇ ತಿದ್ದಬೇಕು. ‘ಲೈಟ್‌ಡಿಎಂ’ ಎಂಬ ಇನ್ನೊಂದು ಲಾಗಿನ್ ವ್ಯವಸ್ಥೆ ಇರುವ ಹಲವು ಕಂಪ್ಯೂಟರುಗಳಲ್ಲಿ ಅದರ ಲಾಗಿನ್ ಪರದೆಯ ಸಂರಚನಾ ಕಡತದ ‘ಕ್ಲಾಕ್ ಫಾರ್ಮ್ಯಾಟ್’ ಸಾಲನ್ನು ಬದಲಿಸಿದರಾಯಿತು.

ಊರಿನ ಹೊತ್ತು ಒಂದು, ವ್ಯವಸ್ಥೆಯ ಹೊತ್ತು ಇನ್ನೊಂದು ಎಂಬ ಈ ಇಬ್ಬಂದಿ ಕಲಬುರಗಿಗೆ ಕಂಪ್ಯೂಟರಿನ ಜತೆ ಬಂದದ್ದಲ್ಲ. 1871ರಲ್ಲಿ ಮುಂಬೈ ಕಡೆಯ ಹಳಿ ಮತ್ತು ಮದ್ರಾಸ್ ಕಡೆಯ ಹಳಿ ರಾಯಚೂರಿನಲ್ಲಿ ಕೂಡಿದವು, ಕಲಬುರಗಿ ಆ ಮಾರ್ಗದ ಮೇಲಿನ ಊರು. ರೈಲುಗಳು ಮದ್ರಾಸಿನ ಸಮಯ ಹಿಡಿದು ಓಡುತ್ತಿದ್ದವು, ಸೂರ್ಯ ಊರಿನ ಸಮಯಕ್ಕೆ ನೆತ್ತಿಗೇರುತ್ತಿದ್ದ. 1906ರಿಂದ ಭಾರತೀಯ ಪ್ರಮಾಣಿತ ಸಮಯ ಬಂತು. ಅದರ ಆಧಾರ 82.5 ಡಿಗ್ರಿ ಪೂರ್ವ ರೇಖಾಂಶ. ಕಲಬುರಗಿ ಅದಕ್ಕಿಂತ ಐದೂವರೆ ಡಿಗ್ರಿಗೂ ಹೆಚ್ಚು ಪಶ್ಚಿಮಕ್ಕಿದೆ. ಡಿಗ್ರಿಗೆ 4 ನಿಮಿಷದಂತೆ ಲೆಕ್ಕ ಹಾಕಿದರೆ, ಕೈಗಡಿಯಾರ 12 ತೋರಿಸಿದ ಮೇಲೆ ಸರಾಸರಿ 23 ನಿಮಿಷಕ್ಕೆ ಇಲ್ಲಿ ನಿಜವಾದ ನಡುಹಗಲು. ಪಂಚಾಂಗದ ಒಂದು ಗಳಿಗೆಗೆ 24 ನಿಮಿಷ. ಹೆಚ್ಚುಕಡಿಮೆ ಒಂದು ಗಳಿಗೆಯಷ್ಟು ಅಂತರ.

ಇನ್ನು ಭಾಷೆಯ ವಿಚಾರ. ಕಂಪ್ಯೂಟರಿಗೆ ಕನ್ನಡ ಆರಿಸಿದರೆ ‘ಎಎಂ’, ‘ಪಿಎಂ’ ಜಾಗದಲ್ಲಿ ‘ಪೂರ್ವಾಹ್ನ’, ‘ಅಪರಾಹ್ನ’ ಬರುತ್ತವೆ, ಅದೂ ಅಂಕಿಯ ನಂತರ. ಕಮಲಾಪುರದ ಸಂತೆಯಲ್ಲಿ ಕೆಂಪು ಬಾಳೆಹಣ್ಣು ಮಾರುವವರು ಯಾರೂ ‘ಆರೂವರೆ ಅಪರಾಹ್ನ’ ಎನ್ನುವುದಿಲ್ಲ. ಇಲ್ಲಿಯ ಮಾತಿನಲ್ಲಿ ಹೊತ್ತು ಮೊದಲು, ಗಂಟೆ ಆಮೇಲೆ: ಮುಂಜಾನಿ ಆರಕ್ಕ, ಸಂಜಿ ಆರಕ್ಕ. ನಸುಕು, ಮಧ್ಯಾಹ್ನ, ರಾತ್ರಿ ಎಂಬ ಮಾತಿನಿಂದಲೇ ಕೇಳುವವರಿಗೆ ಮೊದಲೇ ಸುಳಿವು ಸಿಕ್ಕಿರುತ್ತದೆ. ಹೀಗಾಗಿ ಮಾತಿನಲ್ಲಿ 12 ಗಂಟೆಯ ಲೆಕ್ಕದಿಂದ ಗೊಂದಲವೇ ಹುಟ್ಟುವುದಿಲ್ಲ. ಆ ಸುಳಿವನ್ನು ಕಿತ್ತುಹಾಕಿ ಬರೀ ಅಂಕಿ ಉಳಿಸುವ ಪರದೆಯಲ್ಲಿ ಹುಟ್ಟುತ್ತದೆ.

ಮಧ್ಯರಾತ್ರಿಯ ಸುತ್ತ ಈ ಗೊಂದಲ ದುಬಾರಿಯಾಗಬಹುದು. 15ನೇ ತಾರೀಖಿನ 00:20ರ ಗಾಡಿ ಹಿಡಿಯಬೇಕಾದವರು 14ರ ರಾತ್ರಿ ಊಟ ಮುಗಿಸಿ ಮನೆ ಬಿಡಬೇಕು. ಅದನ್ನೇ 12:20 ಎಂದು ಚೀಟಿಯಲ್ಲಿ ಬರೆದುಕೊಂಡವರು 15ರ ಮಧ್ಯಾಹ್ನ ನಿಲ್ದಾಣಕ್ಕೆ ಬಂದಾರು.

ಇನ್ನೊಂದು ತೊಡಕು ಕಣ್ಣಿಗೆ ಬೀಳದಂಥದು. ಹೊಸದಾಗಿ ವಿಂಡೋಸ್ ಹಾಕಿದ ಕಂಪ್ಯೂಟರಿನಲ್ಲಿ ಕೆಲವೊಮ್ಮೆ ಅಮೆರಿಕದ ಪೆಸಿಫಿಕ್ ಕಾಲವಲಯವೇ ಉಳಿದುಬಿಡುತ್ತದೆ. ಅಲ್ಲಿಯ ಬೇಸಿಗೆ ಸಮಯ ನಮಗಿಂತ 12 ಗಂಟೆ 30 ನಿಮಿಷ ಹಿಂದೆ. ಇಲ್ಲಿ ಸಂಜೆ 7:30 ಆದಾಗ ಪರದೆಯಲ್ಲಿ 7:00 ಕಾಣುತ್ತದೆ. ನೋಡಿದವರು ಗಡಿಯಾರ ಅರ್ಧ ಗಂಟೆ ಹಿಂದೆ ಬಿದ್ದಿದೆ ಎಂದುಕೊಂಡು ಕೈಯಾರೆ ಮುಂದೆ ಹಾಕುತ್ತಾರೆ. ಪರದೆಯ ಹೊತ್ತು ಸರಿಹೋದಂತೆ ಕಂಡರೂ ಒಳಗೆ ಹಗಲು ರಾತ್ರಿ ಅದಲುಬದಲಾಗೇ ಇರುತ್ತವೆ, ಬೆಳಗಿನ ಹೊತ್ತು ಮಾಡಿದ ಕಡತಗಳ ಮೇಲೆ ತಪ್ಪು ತಾರೀಖು ಬೀಳುತ್ತದೆ. 24 ಗಂಟೆಯ ಕ್ರಮವಿದ್ದಿದ್ದರೆ ಸಂಜೆಯ ಹೊತ್ತಲ್ಲಿ 07:00 ಕಂಡ ಕೂಡಲೇ ತಪ್ಪು ತಿಳಿಯುತ್ತಿತ್ತು. ಅದಕ್ಕೇ ಗಡಿಯಾರದ ಕ್ರಮ ಬದಲಿಸಲು ಹೊರಟವರು ಕಾಲವಲಯ ‘ಯುಟಿಸಿ +05:30’ ಇದೆಯೇ ಎಂದು ಮೊದಲು ನೋಡಿಕೊಳ್ಳುವುದು ಒಳ್ಳೆಯದು.

ಬದಲಾವಣೆ ನಿಂತಿದೆಯೇ ಎಂದು ಪರೀಕ್ಷಿಸಲು ಪರದೆಯನ್ನು ಲಾಕ್ ಮಾಡಿ ನೋಡಿದರೆ ಸಾಲದು, ಆಗ ನಿಮ್ಮ ಖಾತೆ ಒಳಗೆ ತೆರೆದೇ ಇರುತ್ತದೆ. ಕಂಪ್ಯೂಟರನ್ನು ರೀಸ್ಟಾರ್ಟ್ ಮಾಡಿ, ಪಾಸ್‌ವರ್ಡ್ ಹಾಕುವ ಮುಂಚೆ ನೋಡಬೇಕು. ಪರದೆಯಲ್ಲಿ 18:10 ಎಂದು ಬಂತೋ, ಕೆಲಸ ಆಯಿತು. ಅಷ್ಟರಲ್ಲಿ ಕೌಂಟರಿನಾಚೆ ಸರತಿಯಲ್ಲಿ ನಿಂತ ಯಾರಾದರೂ “ಟೈಮ್ ಎಷ್ಟಾಗ್ಯಾದ್ರಿ?” ಎಂದು ಕೇಳಿದರೆ, ಅದೇ ಪರದೆ ನೋಡಿಕೊಂಡು ಅಂಗಡಿಯವರು ಹೇಳುವುದು ಮಾತ್ರ “ಸಂಜಿ ಆರೂ ಹತ್ತು.”