ಮನಸ್ಸಿನ ಕಾಯಿಲೆ: ಮನೆಮಂದಿ ಅನ್ನುವುದೇನು, ನಿಜ ಇರುವುದೇನು

“ಅದೆಲ್ಲ ಹುಚ್ಚು ಹಿಡಿದೋರಿಗೆ. ನಮ್ಮ ಮನೇಲಿ ಅಂಥದ್ದೇನೂ ಇಲ್ಲ.”

ಮನೋವೈದ್ಯರ ಹೆಸರೆತ್ತಿದರೆ ಮೊದಲು ಬರುವ ಉತ್ತರ ಇದು. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆ 2015-16ರಲ್ಲಿ 12 ರಾಜ್ಯಗಳಲ್ಲಿ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆ ನಡೆಸಿತು. ಆ ಹೊತ್ತಿನಲ್ಲಿ ವಯಸ್ಕರ ಪೈಕಿ ಶೇ 10.6ರಷ್ಟು ಮಂದಿಗೆ ಒಂದಲ್ಲ ಒಂದು ಮಾನಸಿಕ ಕಾಯಿಲೆ ಇತ್ತು. ಹತ್ತರಲ್ಲಿ ಒಬ್ಬರು ಎಂದ ಮೇಲೆ, ಇದು ನಮ್ಮ ನೆಂಟರಿಷ್ಟರ ಲೆಕ್ಕವೇ. ಇವರಲ್ಲಿ ಬಹುಪಾಲು ಮಂದಿಯನ್ನು ಕಾಡುವುದು ಖಿನ್ನತೆ, ಆತಂಕ, ಕುಡಿತದ ಚಟದಂಥ ಸಾಮಾನ್ಯ ತೊಂದರೆಗಳು. ಅವರು ಬೆಳಿಗ್ಗೆ ಎದ್ದು ಡೇರಿಗೆ ಹಾಲು ಹಾಕುತ್ತಾರೆ, ಮಕ್ಕಳಿಗೆ ಜಡೆ ಹೆಣೆಯುತ್ತಾರೆ, ಬಸ್ಸು ಹಿಡಿದು ಕಚೇರಿಗೆ ಹೋಗುತ್ತಾರೆ. ಒಳಗೆ ಕುಸಿಯುತ್ತಿರುವುದು ಯಾರಿಗೂ ಕಾಣುವುದಿಲ್ಲ. ಅದೇ ಸಮೀಕ್ಷೆ ಹೇಳಿದ ಇನ್ನೊಂದು ಮಾತು ನನ್ನನ್ನು ಹೆಚ್ಚು ಕಾಡುತ್ತದೆ: ಕಾಯಿಲೆ ಯಾವುದು ಎಂಬುದನ್ನು ಅವಲಂಬಿಸಿ, ಶೇ 70ರಿಂದ 92ರಷ್ಟು ಮಂದಿಗೆ ಚಿಕಿತ್ಸೆಯೇ ಸಿಕ್ಕಿರಲಿಲ್ಲ. ವೈದ್ಯರ ಕೊರತೆ ಒಂದು ಕಾರಣ, ನಿಜ. ಮನೆಯೊಳಗೆ ನಾವು ಆಡುವ ಮಾತುಗಳೂ ಅಷ್ಟೇ ದೊಡ್ಡ ಕಾರಣ ಎಂದು ನಾನು ನಂಬಿದ್ದೇನೆ.

“ಮನಸ್ಸಿಗೇನಾಗಿದೆ? ನೋವಿರೋದು ಮೈಗೆ!”

ಖಿನ್ನತೆ ಎಂದರೆ ಸದಾ ಅಳುತ್ತಾ ಕೂರುವುದು ಎಂಬ ಚಿತ್ರ ನಮ್ಮ ತಲೆಯಲ್ಲಿದೆ. ನಮ್ಮ ಊರುಗಳಲ್ಲಿ ಅದು ಹಾಗೆ ಬಂದು ನಿಲ್ಲುವುದು ಕಡಿಮೆ. ಮೈಕೈ ನೋವು, ತೀರದ ಸುಸ್ತು, ತಲೆಭಾರ, ಎದೆಯುರಿ, ಅಂಗಾಲು ಉರಿ, ಹೊಟ್ಟೆಯಲ್ಲಿ ಗ್ಯಾಸು ಎಂದೇ ಬರುತ್ತದೆ. ಹೆಣ್ಣುಮಕ್ಕಳು ಇದನ್ನೆಲ್ಲ “ಏನೋ ವೀಕ್ನೆಸ್ಸು” ಎಂದುಬಿಡುತ್ತಾರೆ. ಗ್ಲೂಕೋಸ್ ಬಾಟಲಿ ಏರಿಸಿದ್ದಾಯಿತು, ಟಾನಿಕ್ ಆಯಿತು, ಸ್ಕ್ಯಾನಿಂಗೂ ಆಯಿತು. ವರದಿಯೆಲ್ಲ ನಾರ್ಮಲ್ ಎಂದು ಬಂದ ದಿನ ಮನೆಯವರು “ನಾಟಕ ಮಾಡ್ತಾಳೆ” ಎನ್ನುತ್ತಾರೆ. ನೋವು ನಾಟಕವಲ್ಲ. ಅದು ದೇಹದಲ್ಲಿ ನಿಜವಾಗಿಯೂ ಅನುಭವಕ್ಕೆ ಬರುತ್ತಿರುವ ನೋವು, ಅದರ ಮೂಲ ಮಾತ್ರ ಬೇರೆ ಕಡೆ ಇದೆ.

ಹಾಗಾದರೆ ಗುರುತಿಸುವುದು ಹೇಗೆ? ಎರಡು ವಾರ ಅಥವಾ ಅದಕ್ಕಿಂತ ಹೆಚ್ಚು ಕಾಲ, ದಿನದ ಬಹುಹೊತ್ತು, ಮನಸ್ಸು ಕುಗ್ಗಿರುವುದು. ಮೊದಲು ಖುಷಿ ಕೊಡುತ್ತಿದ್ದ ಧಾರಾವಾಹಿ, ಹಬ್ಬ, ಮೊಮ್ಮಗುವಿನ ಆಟ ಯಾವುದೂ ಬೇಡವೆನಿಸುವುದು. ಇವೆರಡರಲ್ಲಿ ಒಂದಾದರೂ ಇದ್ದು, ಜೊತೆಗೆ ಬೆಳಗಿನ ಜಾವ ಎಚ್ಚರವಾಗಿ ಮತ್ತೆ ನಿದ್ದೆ ಬಾರದಿರುವುದು, ಊಟ ಸೇರದಿರುವುದು, ಗಮನ ನಿಲ್ಲದಿರುವುದು, “ನನ್ನಿಂದಲೇ ಎಲ್ಲ ಹಾಳಾಯಿತು” ಎಂಬ ಕೊರಗು ಸೇರಿದರೆ ವೈದ್ಯರನ್ನು ಕಾಣಬೇಕು. ಥೈರಾಯ್ಡ್ ತೊಂದರೆ, ರಕ್ತಹೀನತೆ, ಬಿ12 ಕೊರತೆಯೂ ಇದೇ ರೀತಿ ಕಾಡಬಲ್ಲವು. ಹಾಗಾಗಿ ರಕ್ತಪರೀಕ್ಷೆ ದಂಡವಲ್ಲ. ಅದರಲ್ಲಿ ಏನೂ ಸಿಗದಾಗ ವಿಚಾರಣೆ ಅಲ್ಲಿಗೇ ನಿಲ್ಲಬಾರದು, ಅಷ್ಟೆ.

ಪ್ಯಾನಿಕ್ ಅಟ್ಯಾಕ್ ಕೂಡ ಮೈಯ ವೇಷದಲ್ಲೇ ಬರುತ್ತದೆ. ಇದ್ದಕ್ಕಿದ್ದಂತೆ ಎದೆ ಢವಢವ, ಬೆವರು, ಉಸಿರು ಸಾಲದು, ಈಗಲೇ ಸತ್ತೇಹೋಗುತ್ತೇನೆ ಎಂಬ ಭಯ. ಕೆಲವೇ ನಿಮಿಷಗಳಲ್ಲಿ ತುತ್ತತುದಿಗೇರಿ ಮೆಲ್ಲಗೆ ಇಳಿಯುತ್ತದೆ. ಮೊದಲ ಸಲ ಹೀಗಾದಾಗ ಹೃದಯದ ತಪಾಸಣೆ ಆಗಲೇಬೇಕು, ಅದರಲ್ಲಿ ಎರಡು ಮಾತಿಲ್ಲ. ಹೃದಯ ಚೆನ್ನಾಗಿದೆ ಎಂದು ಖಚಿತವಾದ ಮೇಲೂ ಮತ್ತೆ ಮತ್ತೆ ರಾತ್ರಿ ಹೊತ್ತು ತುರ್ತು ಚಿಕಿತ್ಸಾ ಘಟಕಕ್ಕೆ ಓಡುತ್ತಿದ್ದರೆ, ಹೋಗಬೇಕಾದ ಬಾಗಿಲು ಬೇರೆ. ಈ ಕಾಯಿಲೆ ಚಿಕಿತ್ಸೆಗೆ ಚೆನ್ನಾಗಿ ಬಗ್ಗುತ್ತದೆ.

“ಮಾತ್ರೆ ಶುರು ಮಾಡಿದರೆ ಸಾಯೋವರೆಗೂ ಬಿಡೋಕಾಗಲ್ಲ. ಎಲ್ಲ ಬರೀ ನಿದ್ದೆ ಮಾತ್ರೆ.”

ಇದೊಂದನ್ನು ನಿಧಾನವಾಗಿ ಬಿಡಿಸಿ ನೋಡಬೇಕು. ಪೂರ್ತಿ ಸುಳ್ಳು ಎಂದು ತಳ್ಳಿಹಾಕಿದರೆ ಜನ ನಂಬುವುದೂ ಇಲ್ಲ, ಅದು ಸರಿಯೂ ಅಲ್ಲ. ಇಲ್ಲಿ ಎರಡು ಬೇರೆ ಜಾತಿಯ ಔಷಧಗಳು ಒಂದೇ ಹೆಸರಿನಲ್ಲಿ ಕಲಸಿಹೋಗಿವೆ.

ಆಲ್ಪ್ರಜೋಲಾಮ್, ಕ್ಲೊನಜೆಪಾಮ್, ಡಯಾಜೆಪಾಮ್ ಒಂದು ಜಾತಿ. ನುಂಗಿದ ಸ್ವಲ್ಪ ಹೊತ್ತಿಗೇ ಆತಂಕ ಇಳಿಯುತ್ತದೆ, ನಿದ್ದೆ ಬರುತ್ತದೆ. ತಿಂಗಳುಗಟ್ಟಲೆ ತೆಗೆದುಕೊಂಡರೆ ಇವಕ್ಕೆ ದೇಹ ಒಗ್ಗಿಕೊಳ್ಳುತ್ತದೆ. ಥಟ್ಟನೆ ಬಿಟ್ಟರೆ ನಡುಕ, ನಿದ್ದೆಗೇಡು, ಕೆಲವೊಮ್ಮೆ ಫಿಟ್ಸ್ ಕೂಡ ಬರಬಹುದು. ಆದ್ದರಿಂದಲೇ ಇವನ್ನು ಕೆಲವು ವಾರಗಳ ಮಟ್ಟಿಗೆ ಮಾತ್ರ ಕೊಡಬೇಕು. ಹಳೆಯ ಚೀಟಿ ತೋರಿಸಿ ಮೆಡಿಕಲ್ ಶಾಪಿನಲ್ಲಿ ವರ್ಷಾನುಗಟ್ಟಲೆ ಇದೇ ಮಾತ್ರೆ ಕೊಳ್ಳುವವರಿದ್ದಾರೆ. ಜನರ ಭಯ ಹುಟ್ಟಿದ್ದು ಇಲ್ಲಿ, ಆ ಭಯಕ್ಕೆ ಆಧಾರವೂ ಇದೆ.

ಖಿನ್ನತೆ, ಆತಂಕ, ಗೀಳು ಕಾಯಿಲೆಗಳಿಗೆ ಮುಖ್ಯವಾಗಿ ಕೊಡುವುದು ಫ್ಲೂಆಕ್ಸೆಟಿನ್, ಸರ್ಟ್ರಾಲಿನ್, ಎಸ್ಸಿಟಲೊಪ್ರಾಮ್‌ನಂಥ ಮಾತ್ರೆಗಳನ್ನು. ಇವು ನಿದ್ದೆ ಮಾತ್ರೆಗಳಲ್ಲ. ಇವುಗಳಿಂದ ಅಮಲು ಬರುವುದಿಲ್ಲ, ದಿನದಿನಕ್ಕೆ ಹೆಚ್ಚು ಬೇಕೆಂಬ ಹಪಾಹಪಿ ಹುಟ್ಟುವುದಿಲ್ಲ. ಗುಣ ಕಾಣಲು ಎರಡರಿಂದ ನಾಲ್ಕು ವಾರ, ಕೆಲವರಿಗೆ ಆರು ವಾರವೂ ಬೇಕು. ಸಂಕಟವೆಂದರೆ, ವಾಕರಿಕೆ, ತಲೆನೋವು, ಚಡಪಡಿಕೆಯಂಥ ಅಡ್ಡಪರಿಣಾಮಗಳು ಮೊದಲ ವಾರವೇ ಬರುತ್ತವೆ, ಗುಣ ತಡವಾಗಿ ಬರುತ್ತದೆ. “ಈ ಮಾತ್ರೆ ಒಗ್ಗಲಿಲ್ಲ” ಎಂದು ಬಹಳ ಮಂದಿ ಬಿಟ್ಟುಬಿಡುವುದು ಸರಿಯಾಗಿ ಈ ನಡುವಿನ ದಿನಗಳಲ್ಲಿ. ಎರಡನೆಯ ಸಲ ಎಡವುವುದು ಗುಣವಾದ ಮೇಲೆ. ಹುಷಾರಾಯಿತಲ್ಲ ಎಂದು ನಿಲ್ಲಿಸಿದರೆ ಕಾಯಿಲೆ ಮರುಕಳಿಸುವ ಸಾಧ್ಯತೆ ಹೆಚ್ಚು. ಮೊದಲ ಬಾರಿಯ ಖಿನ್ನತೆಗೆ, ಚೇತರಿಸಿಕೊಂಡ ನಂತರವೂ ಕನಿಷ್ಠ ಆರು ತಿಂಗಳು ಮುಂದುವರಿಸಿ, ಆಮೇಲೆ ವೈದ್ಯರು ಹೇಳಿದಂತೆ ಹಂತಹಂತವಾಗಿ ಇಳಿಸುವುದು ಕ್ರಮ. ಪದೇಪದೇ ಬಂದವರಿಗೆ ಹೆಚ್ಚು ಕಾಲ ಬೇಕಾಗುತ್ತದೆ. ಥಟ್ಟನೆ ನಿಲ್ಲಿಸಿದರೆ ಕೆಲ ದಿನ ತಲೆಸುತ್ತು, ಕಿರಿಕಿರಿ ಆಗಬಹುದು. ಅದು ಚಟದ ಗುರುತಲ್ಲ. ಹಿಂದೆಂದಾದರೂ ದಿನಗಟ್ಟಲೆ ನಿದ್ದೆಯೇ ಇಲ್ಲದೆ ಅತಿಯಾದ ಹುರುಪು, ಮಾತು, ಖರ್ಚು ಇತ್ತೇ ಎಂಬುದನ್ನು ಮಾತ್ರ ಮೊದಲೇ ವೈದ್ಯರಿಗೆ ಹೇಳಿ. ಅದು ಬೈಪೋಲಾರ್ ಕಾಯಿಲೆಯ ಸುಳಿವು, ಅದರ ಚಿಕಿತ್ಸೆಯೇ ಬೇರೆ.

ಓದಿದವರಲ್ಲೊಂದು ನಂಬಿಕೆ ಇದೆ: ಮಿದುಳಿನಲ್ಲಿ ಸೆರೊಟೋನಿನ್ ಕಡಿಮೆಯಾದದ್ದೇ ಖಿನ್ನತೆ, ಮಾತ್ರೆ ಅದನ್ನು ತುಂಬುತ್ತದೆ ಎಂದು. ವಿಷಯ ಅಷ್ಟು ಸರಳವಲ್ಲ. ಅನುವಂಶೀಯತೆ, ಬಾಲ್ಯದ ಪೆಟ್ಟು, ಸಾಲ, ಮನೆಯ ಹಿಂಸೆ, ಬಾಣಂತನ, ದೀರ್ಘ ಕಾಯಿಲೆ ಎಲ್ಲವೂ ಇದರಲ್ಲಿ ಸೇರಿರುತ್ತವೆ. ಔಷಧದಿಂದ ಬಹಳ ಮಂದಿಗೆ ಉಪಯೋಗವಾಗುವುದಂತೂ ನಿಜ.

“ಬರೀ ಮಾತಾಡಿದರೆ ಕಾಯಿಲೆ ವಾಸಿಯಾಗುತ್ತಾ? ಧೈರ್ಯ ತಗೋ ಅಂತ ನಾವೇ ಹೇಳ್ತೀವಲ್ಲ.”

ಧೈರ್ಯ ತಗೋ ಎಂಬುದು ಜ್ವರ ಬಂದವರಿಗೆ ತಣ್ಣಗಿರು ಎಂದಂತೆ. ಆಪ್ತಸಮಾಲೋಚನೆ ಬುದ್ಧಿಮಾತಲ್ಲ, ಅದಕ್ಕೆ ಕ್ರಮವಿದೆ. ನಮ್ಮ ನೆರೆಯ ಗೋವಾದಲ್ಲಿ ಮನೋವೈದ್ಯ ವಿಕ್ರಮ್ ಪಟೇಲ್ ಮತ್ತು ಸಂಗಡಿಗರು ಇದನ್ನು ಪರೀಕ್ಷಿಸಿ ನೋಡಿದರು. ವೈದ್ಯಕೀಯ ಓದಿಲ್ಲದ ಸ್ಥಳೀಯರಿಗೆ ತರಬೇತಿ ಕೊಟ್ಟು, ತೀವ್ರ ಖಿನ್ನತೆಯಿದ್ದವರೊಡನೆ ಆರರಿಂದ ಎಂಟು ಭೇಟಿ ನಡೆಸಿದರು. ಮಾಡುತ್ತಿದ್ದದ್ದು ಸರಳ: ಬಿಟ್ಟುಹೋದ ಕೆಲಸಗಳನ್ನು ಒಂದೊಂದಾಗಿ ದಿನಚರಿಗೆ ಮರಳಿ ತರುವುದು, ಕಾಡುವ ಸಮಸ್ಯೆಗಳನ್ನು ಒಡೆದು ನೋಡುವುದು. 2017ರಲ್ಲಿ ‘ಲ್ಯಾನ್ಸೆಟ್’ ವೈದ್ಯಕೀಯ ಪತ್ರಿಕೆಯಲ್ಲಿ ಫಲಿತಾಂಶ ಬಂತು. ಮೂರು ತಿಂಗಳ ನಂತರ ಈ ನೆರವು ಪಡೆದವರಲ್ಲಿ ಶೇ 64ರಷ್ಟು ಮಂದಿ ಖಿನ್ನತೆಯಿಂದ ಹೊರಬಂದಿದ್ದರು. ಪಡೆಯದವರಲ್ಲಿ ಶೇ 39. ಮಾತಿಗಿರುವ ಶಕ್ತಿಗೆ ಇದಕ್ಕಿಂತ ಹೆಚ್ಚಿನ ಪುರಾವೆ ಬೇಕೆ?

“ಅವಳಿಗೆ ಮಡಿ ಜಾಸ್ತಿ, ಅಷ್ಟೇ.”

ಮಡಿ ಮಾಡುವವರು ಮಡಿ ಮುಗಿಸಿ ಸಮಾಧಾನವಾಗಿರುತ್ತಾರೆ. ಗೀಳು ಕಾಯಿಲೆಯವರಿಗೆ ಆ ಸಮಾಧಾನವೇ ಸಿಗುವುದಿಲ್ಲ. ಚರ್ಮ ಸುಲಿದರೂ ಕೈ ತೊಳೆಯುತ್ತಾರೆ, ಬೇಡವೆಂದು ಗೊತ್ತಿದ್ದೂ ತೊಳೆಯುತ್ತಾರೆ. ಇದಕ್ಕೂ ಔಷಧವಿದೆ, ತರಬೇತಿಯ ಚಿಕಿತ್ಸೆಯಿದೆ.

“ಮದುವೆ ಮಾಡಿದರೆ ಎಲ್ಲ ಸರಿಹೋಗುತ್ತೆ.”

ಹೋಗುವುದಿಲ್ಲ. ಹೊಸ ಮನೆ, ಹೊಸ ಹೊಣೆ, ಮುಚ್ಚಿಟ್ಟ ಮಾತ್ರೆ, ತಪ್ಪಿದ ನಿದ್ದೆ ಸೇರಿ ಕಾಯಿಲೆ ಉಲ್ಬಣಿಸಬಹುದು; ಇನ್ನೊಂದು ಜೀವವೂ ಏನೂ ತಿಳಿಯದೆ ಸಿಕ್ಕಿಬೀಳುತ್ತದೆ. ಚಿಕಿತ್ಸೆಯಿಂದ ಚೇತರಿಸಿಕೊಂಡವರು, ವಿಷಯ ತಿಳಿಸಿ ಮದುವೆಯಾಗಿ ಚೆನ್ನಾಗಿ ಬಾಳುವುದು ಬೇರೆ ಮಾತು. ಇನ್ನು, ಗಾಳಿ ಸೋಕಿದೆ, ಮಾಟ ಮಾಡಿಸಿದ್ದಾರೆ ಎಂದು ಗಾಣಗಾಪುರಕ್ಕೋ ದರ್ಗಾಕ್ಕೋ ಹೋಗುವವರನ್ನು ಹೀಯಾಳಿಸಿ ಪ್ರಯೋಜನವಿಲ್ಲ. ಪ್ರಾರ್ಥನೆ ನೆಮ್ಮದಿ ಕೊಟ್ಟರೆ ಕೊಡಲಿ, ಜೊತೆಗೆ ಮಾತ್ರೆಯೂ ಇರಲಿ. ಹೊಡೆತ, ಬರೆ, ಸರಪಳಿಯನ್ನು ಮಾತ್ರ ಯಾವ ನಂಬಿಕೆಯ ಹೆಸರಿನಲ್ಲೂ ಒಪ್ಪಲಾಗದು. ತಮಿಳುನಾಡಿನ ಏರ್ವಾಡಿಯಲ್ಲಿ ಮಾನಸಿಕ ರೋಗಿಗಳನ್ನು ಇರಿಸಿದ್ದ ಆಶ್ರಯತಾಣಕ್ಕೆ 2001ರ ಆಗಸ್ಟ್ 6ರಂದು ಬೆಂಕಿ ಬಿದ್ದಾಗ, ಸರಪಳಿಯಲ್ಲಿದ್ದ ರೋಗಿಗಳು ಓಡಲಾಗದೆ ಸುಟ್ಟು ಸತ್ತರು.

ಚಿಕಿತ್ಸೆಗೆ ಬೆಂಗಳೂರಿಗೇ ಹೋಗಬೇಕೆಂದಿಲ್ಲ. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲೇ ಮಾನಸಿಕ ಚಿಕಿತ್ಸೆ ಕೊಡಬಹುದೆಂದು ದೇಶಕ್ಕೆ ತೋರಿಸಿದ್ದು 1980ರ ದಶಕದಲ್ಲಿ ನಮ್ಮ ಬಳ್ಳಾರಿ ಜಿಲ್ಲೆ. ಆ ಮಾದರಿಯೇ 1996ರಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಅಡಿಪಾಯವಾಯಿತು. ರಾಜ್ಯದ ‘ಮನೋಚೈತನ್ಯ’ ಕಾರ್ಯಕ್ರಮದಡಿ 2014ರಿಂದ ತಾಲ್ಲೂಕು ಆಸ್ಪತ್ರೆಗಳಿಗೆ ಮಂಗಳವಾರ ಮನೋವೈದ್ಯರು ಬರುವ ಏರ್ಪಾಡು ಶುರುವಾಯಿತು. ನಿಮ್ಮಲ್ಲಿ ಯಾವಾಗ ಬರುತ್ತಾರೆಂದು ಆಶಾ ಕಾರ್ಯಕರ್ತೆಯನ್ನು ಕೇಳಿ.

“ಸಾಯೋ ಯೋಚನೆ ಇದೆಯಾ ಅಂತ ಕೇಳಬೇಡಿ, ಇಲ್ಲದ್ದನ್ನ ತಲೆಗೆ ತುಂಬಿದಂಗಾಗುತ್ತೆ.”

ಕೇಳುವುದರಿಂದ ಆ ಯೋಚನೆ ಹುಟ್ಟುವುದಿಲ್ಲ ಎಂದು ಅಧ್ಯಯನಗಳು ಹೇಳುತ್ತವೆ. ಎಷ್ಟೋ ಮಂದಿಗೆ ಯಾರಾದರೂ ಕೇಳಿದರಲ್ಲ ಎಂಬುದೇ ಹಗುರ. ನೇರವಾಗಿ, ಮೆಲ್ಲಗೆ ಕೇಳಿ. ಹೌದೆಂದರೆ ಬೈಯಬೇಡಿ, ಆಣೆ ಹಾಕಿಸಬೇಡಿ. ಪೊಲೀಸ್ ಕೇಸಾಗುತ್ತದೆಂದು ಮುಚ್ಚಿಡುವುದೂ ಬೇಡ: 2017ರ ಮಾನಸಿಕ ಆರೋಗ್ಯ ಪಾಲನಾ ಕಾಯ್ದೆ, ಆತ್ಮಹತ್ಯೆಗೆ ಯತ್ನಿಸಿದವರು ತೀವ್ರ ಒತ್ತಡದಲ್ಲಿದ್ದರೆಂದೇ ಭಾವಿಸಿ, ಅವರ ಆರೈಕೆಯ ಹೊಣೆಯನ್ನು ಸರ್ಕಾರಕ್ಕೆ ವಹಿಸಿದೆ. ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಉಚಿತವಾಗಿ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು. ನೆರವು ಸಿಗುವವರೆಗೆ, ಹೊಲಕ್ಕೆ ತಂದ ಕೀಟನಾಶಕವನ್ನೂ ಮನೆಯಲ್ಲಿರುವ ಮಾತ್ರೆಗಳನ್ನೂ ಅವರ ಕೈಗೆ ಸಿಗದಂತೆ ಬೀಗ ಹಾಕಿಡಿ, ಅವರನ್ನು ಒಬ್ಬರನ್ನೇ ಬಿಡಬೇಡಿ.