ಹಾರಿಬಿಟ್ಟರೆ ಸಾಕೆ?

ಯಶವಂತಪುರದ ಮಗ್ಗುಲಲ್ಲೇ ಇರುವ ಭಾರತೀಯ ವಿಜ್ಞಾನ ಸಂಸ್ಥೆಯಿಂದ 1974ರಲ್ಲಿ ಒಂದು ಪ್ರಬಂಧ ಹೊರಬಂತು. ಬರೆದವರು ಎಚ್.ಎಸ್. ಮುಕುಂದ, ಎಸ್.ಎಂ. ದೇಶಪಾಂಡೆ, ಎಚ್.ಆರ್. ನಾಗೇಂದ್ರ, ಎ. ಪ್ರಭು ಮತ್ತು ಎಸ್.ಪಿ. ಗೋವಿಂದರಾಜು. ಪರೀಕ್ಷೆಗೆ ಒಳಗಾದದ್ದು ಆನೇಕಲ್ಲಿನ ಸುಬ್ಬರಾಯ ಶಾಸ್ತ್ರಿಗಳು ಹೇಳಿ ಬರೆಸಿದ, ಪ್ರಾಚೀನವೆಂದು ಹೇಳಲಾಗುವ ‘ವೈಮಾನಿಕ ಶಾಸ್ತ್ರ’ ಗ್ರಂಥ, ಅದರೊಡನೆ ಬೆಂಗಳೂರಿನ ನಕ್ಷೆಗಾರ ಎಲ್ಲಪ್ಪನವರು 1923ರಲ್ಲಿ ಬಿಡಿಸಿಕೊಟ್ಟ ಶಕುನ, ಸುಂದರ, ರುಕ್ಮ, ತ್ರಿಪುರ ವಿಮಾನಗಳ ಚಿತ್ರಗಳು. ಐವರೂ ಅವನ್ನು ಕಟ್ಟಲು ಹೋಗಲಿಲ್ಲ. ಪಠ್ಯದಲ್ಲಿರುವ ಅಳತೆ, ತೂಕಗಳನ್ನು ಎತ್ತಿಕೊಂಡು ಹಾರಾಟದ ನಿಯಮಗಳಿಗೆ ಒಡ್ಡಿದರು, ಗ್ರಂಥದ ಭಾಷೆಯನ್ನೂ ನೋಡಿದರು. ಗ್ರಂಥ 1904ಕ್ಕಿಂತ ಹಿಂದಿನದಲ್ಲ, ಚಿತ್ರದಲ್ಲಿರುವ ಯಾವುದೂ ಹಾರುವಂಥದ್ದಲ್ಲ ಎಂಬುದು ಅವರ ತೀರ್ಮಾನ. ವಿಮಾನ ಕಟ್ಟುವ ಕಸುಬಿನ ಮೊದಲ ಅರ್ಧ ಹೀಗೆ ಕಾಗದದ ಮೇಲೆಯೇ ಮುಗಿಯುತ್ತದೆ.

ಇದಕ್ಕೆ ಬರುವ ಆಕ್ಷೇಪ ಗೊತ್ತಿರುವುದೇ: ಕಟ್ಟದೆ ಹಾರದು ಎನ್ನುವುದು ಯಾವ ನ್ಯಾಯ? ಒಂದು ಪ್ರತಿಕೃತಿ ಮಾಡಿ, ಜಕ್ಕೂರಿನ ರನ್‌ವೇ ಮೇಲೆ ಓಡಿಸಿ ನೋಡೋಣ. ಕೇಳಲು ಸರಿಯಾಗಿಯೇ ಇದೆ. ಆದರೆ ಪ್ರತಿಕೃತಿ ಹಾರಿದ ಮಾತ್ರಕ್ಕೆ ಮೂಲ ಹಾರಿತ್ತು ಎಂದಾಗುವುದಿಲ್ಲ. ಗುಸ್ಟಾವ್ ವೈಟ್‌ಹೆಡ್ ಎಂಬಾತ ರೈಟ್ ಸೋದರರಿಗಿಂತ ಮೊದಲೇ, 1901ರಲ್ಲಿ ಹಾರಿದನೆಂದು ವಾದಿಸುವವರು ಅವನ ಯಂತ್ರದ ಪ್ರತಿಕೃತಿಯನ್ನು 1986ರಲ್ಲಿ ಹಾರಿಸಿದರು, ನಮ್ಮ ಕಾಲದ ಎಂಜಿನ್ ಕೂರಿಸಿ. ಇದಕ್ಕಿಂತ ಕೆಟ್ಟ ಉದಾಹರಣೆ, ಅಮೆರಿಕದ ಸ್ಮಿತ್ಸೋನಿಯನ್ ಸಂಸ್ಥೆಯ ಮುಖ್ಯಸ್ಥನಾಗಿದ್ದ ಲ್ಯಾಂಗ್ಲಿಯ ‘ಏರೋಡ್ರೋಮ್’. 1903ರಲ್ಲಿ ಎರಡು ಸಲ ನದಿಗೆ ಬಿದ್ದ ಆ ಯಂತ್ರವನ್ನು 1914ರಲ್ಲಿ ವಿಮಾನ ತಯಾರಕ ಗ್ಲೆನ್ ಕರ್ಟಿಸ್ ರಿಪೇರಿಯ ಹೆಸರಿನಲ್ಲಿ ಸಾಕಷ್ಟು ಬದಲಿಸಿ ನೀರಿನಿಂದ ಮೇಲೆಬ್ಬಿಸಿದ. ರೈಟ್ ಸೋದರರ ಪೇಟೆಂಟ್ ವ್ಯಾಜ್ಯದಲ್ಲಿ ಅವನೇ ಪ್ರತಿವಾದಿ ಎಂಬುದನ್ನು ಮರೆಯಬಾರದು. ಆ ಬದಲಾವಣೆಗಳನ್ನು ಸ್ಮಿತ್ಸೋನಿಯನ್ ಸಂಸ್ಥೆ ಬಹಿರಂಗವಾಗಿ ಒಪ್ಪಿಕೊಂಡದ್ದು 1942ರಲ್ಲಿ.

ಹಾರದಿದ್ದರೆ? ಅದೂ ಪೂರ್ತಿ ಸಾಕ್ಷಿಯಲ್ಲ. 2003ರ ಡಿಸೆಂಬರ್ 17ರಂದು, ರೈಟ್ ಸೋದರರ ಮೊದಲ ಹಾರಾಟದ ಶತಮಾನೋತ್ಸವದ ದಿನ, ಕಿಟ್ಟಿ ಹಾಕ್‌ನಲ್ಲಿ ರೈಟ್ ಫ್ಲೈಯರ್‌ನ ಅತಿ ನಿಷ್ಠೆಯ ಪ್ರತಿಕೃತಿ ಮಳೆಯಲ್ಲಿ ನೆನೆದು, ಎದುರುಗಾಳಿ ಸಾಲದೆ, ಕೆಸರಿಗೆ ಇಳಿಯಿತು. ಕೆಲವೇ ವಾರಗಳ ಹಿಂದೆ ಅಭ್ಯಾಸದಲ್ಲಿ ಅದು ನೆಲ ಬಿಟ್ಟಿತ್ತು! ಮೂಲದ 12 ಅಶ್ವಶಕ್ತಿಯ ಎಂಜಿನ್‌ಗೆ ಜೋರು ಗಾಳಿಯ ಆಸರೆ ಎಷ್ಟು ಬೇಕಿತ್ತೆಂಬುದು ಆ ಸೋಲಿನಿಂದಲೇ ಮನದಟ್ಟಾಯಿತು. ಅದನ್ನು ಹಾರಿಸಲು ಪೈಲಟ್ ಬೋರಲು ಮಲಗಿ, ಸೊಂಟ ಸರಿಸಿ ತಂತಿ ಎಳೆದು ರೆಕ್ಕೆಯ ತುದಿ ತಿರುಚಬೇಕು. ಮೂಗನ್ನು ಏರಿಳಿಸುವ ಮುಂದಿನ ಎಲಿವೇಟರನ್ನು ಸ್ವಲ್ಪ ಹೆಚ್ಚು ತಿರುಗಿಸಿದರೂ ಮೂಗು ಮೇಲೆ ಕೆಳಗೆ ಕುಣಿಯುತ್ತದೆ. ಇಂಥ ತಿಳಿವಳಿಕೆ ಗಾಜಿನ ಪೆಟ್ಟಿಗೆಯೊಳಗಿನ ಮೂಲದಿಂದ ಸಿಗುವುದಿಲ್ಲ. 1965ರ ಸಿನಿಮಾ ಒಂದಕ್ಕಾಗಿ ಕಟ್ಟಿದ, ಆರಂಭಕಾಲದ ವಿಮಾನಿ ಸಾಂಟೋಸ್ ಡುಮಾಂಟ್‌ನ ಪುಟ್ಟ ವಿಮಾನ ‘ಡಿಮ್ವಾಸೆಲ್’ನ ಪ್ರತಿಕೃತಿ ಕೂಡ ಮೇಲೇಳಲು ತಿಣುಕಾಡಿತು. ಮೂಲವನ್ನು ಹಾರಿಸಿದ ಡುಮಾಂಟ್ ಹಗುರ ಆಸಾಮಿ! ಕೊನೆಗೆ ಕಡಿಮೆ ತೂಕದ ಮಹಿಳಾ ಪೈಲಟ್ ಜೋನ್ ಹ್ಯೂಸ್ ಅದನ್ನು ಹಾರಿಸಿದರು. ಪೈಲಟ್‌ನ ಮೈತೂಕವೂ ವಿನ್ಯಾಸದ ಭಾಗವೆಂದು ಯಾವ ನಕ್ಷೆಯಲ್ಲಿ ಬರೆದಿರುತ್ತದೆ?

ಆದ್ದರಿಂದ ಪ್ರತಿಕೃತಿಯ ಬೆಲೆ ಹಾರಾಟದಲ್ಲಿಲ್ಲ, ಏನನ್ನು ಎಲ್ಲಿ ಬದಲಿಸಿದೆವು ಎಂಬ ಲೆಕ್ಕದಲ್ಲಿದೆ. ಬೇರೆಯವರ ನಕ್ಷೆ ಹಿಡಿದು ವಿಮಾನ ಕಟ್ಟುವುದು ಬೆಂಗಳೂರಿಗೆ ಹೊಸದೇನಲ್ಲ. 1980ರ ದಶಕದಲ್ಲಿ ಇಲ್ಲಿನ ರಾಷ್ಟ್ರೀಯ ವೈಮಾನಿಕ ಪ್ರಯೋಗಾಲಯ (ಎನ್‌ಎಎಲ್), ಅಮೆರಿಕದ ವಿನ್ಯಾಸಕ ಬರ್ಟ್ ರುಟಾನ್‌ನ ‘ಲಾಂಗ್ ಇಝಡ್’ ಆಧರಿಸಿ, ಪುಟ್ಟ ರೆಕ್ಕೆ ಮುಂದೆ, ಎಂಜಿನ್ ಹಿಂದೆ ಇರುವ ಹಗುರ ಸಂಶೋಧನಾ ವಿಮಾನವನ್ನು ಕಟ್ಟಿ ಹಾರಿಸಿತು. ಆ ನಕ್ಷೆಯಲ್ಲಿ ಫೋಮ್ ಎಲ್ಲಿ ಕತ್ತರಿಸಬೇಕು, ಗಾಜುನಾರಿನ ಬಟ್ಟೆ ಎಷ್ಟು ಪದರ ಹಾಸಬೇಕು ಎಂಬುದೆಲ್ಲ ಇತ್ತು. ಎಲ್ಲಪ್ಪನವರ ಶಕುನವನ್ನು ಹಾರಿಸಹೊರಟರೆ ರೆಕ್ಕೆ, ಎಂಜಿನ್, ತೂಕದ ಹಂಚಿಕೆ ಎಲ್ಲವನ್ನೂ ನಾವೇ ಹೊಸದಾಗಿ ಹಾಕಬೇಕು. ಹಾರುವುದು ನಮ್ಮ ವಿಮಾನ, ಹೆಸರು ಮಾತ್ರ ಶಾಸ್ತ್ರಿಗಳದ್ದು. ಹಾಗೆಂದು ಆಸೆ ಬಿಡಬೇಕಿಲ್ಲ. ವಿಜ್ಞಾನ ಸಂಸ್ಥೆಯಲ್ಲಿ ವೈಮಾನಿಕ ವಿಭಾಗ ಕಟ್ಟಿದ ವಿ.ಎಂ. ಘಾಟಗೆಯವರು 1940ರ ದಶಕದ ಆರಂಭದಲ್ಲಿ ಹಿಂದೂಸ್ತಾನ್ ಏರ್‌ಕ್ರಾಫ್ಟ್‌ನಲ್ಲಿ ಒಂದು ಗ್ಲೈಡರ್ ರೂಪಿಸಿದ್ದರು. ಪ್ರತಿಕೃತಿ ಮಾಡುವುದಾದರೆ ಅದನ್ನೇ ಮಾಡೋಣ: ಎಂಜಿನ್ನೇ ಇಲ್ಲದ ಅದರಲ್ಲಿ ಹೊಸ ಎಂಜಿನ್ ಕೂರಿಸಿ ಯಾಮಾರಿಸುವ ಪ್ರಶ್ನೆಯೂ ಏಳುವುದಿಲ್ಲ.