ಗಾಳದ ಕೋಲೂ ಭೌತವಿಜ್ಞಾನವೂ

ಬಿಸಿಲಿನ ನಾಡೆಂದು ಹೆಸರಾದ ಕಲಬುರಗಿ ಜಿಲ್ಲೆಯಲ್ಲಿ ವಿಸ್ತಾರವಾದ ನೀರನ್ನು ಕಂಡರೆ ಕಣ್ಣಿಗೂ ಮನಸ್ಸಿಗೂ ತಂಪು. ಆಳಂದ ತಾಲ್ಲೂಕಿನ ಅಮರ್ಜಾ ಜಲಾಶಯವು ಅಂಥದೊಂದು ತಾಣ. ಇಲ್ಲಿಂದ ಹೊರಟ ಅಮರ್ಜಾ ನದಿಯು ಅಫಜಲಪುರ ತಾಲ್ಲೂಕಿನ ಗಾಣಗಾಪುರದ ಬಳಿ ಭೀಮೆಯನ್ನು ಕೂಡುತ್ತದೆ. ಭೀಮೆಯು ಮುಂದೆ ಜೇವರ್ಗಿಯ ಕಡೆಗೆ ಹರಿಯುತ್ತಾಳೆ. ಕಳೆದ ಚಳಿಗಾಲದ ಒಂದು ರವಿವಾರ ಬೆಳಗ್ಗೆ ನಾವು ಮಿತ್ರರೊಬ್ಬರೊಡನೆ, ಪಡೆಯಬೇಕಾದ ಅನುಮತಿಯನ್ನು ಪಡೆದು, ಈ ಜಲಾಶಯದ ದಡದಲ್ಲಿ ಗಾಳ ಹಾಕಿ ಕುಳಿತಿದ್ದೆವು.

ಮಿತ್ರರ ಸಲಕರಣೆಗಳೆಲ್ಲ ಹೊಸವು. ಎರಡು ಮೀಟರ್ ಉದ್ದದ ಬಿರುಸಾದ ಕೋಲು, ಇಪ್ಪತ್ತು ಕಿಲೋಗ್ರಾಂ ಭಾರವನ್ನು ತಡೆಯಬಲ್ಲ ಹೆಣೆದ ದಾರ, ಹೊಳೆಯುವ ರೀಲು. ಮೀನು ತಪ್ಪಿಸಿಕೊಳ್ಳದಿರಲೆಂದು ರೀಲಿನ ತಿರುಪನ್ನು ನಾವೇ ಪೂರ್ತಿಯಾಗಿ ಬಿಗಿದಿದ್ದೆವು. ಒಂದು ಗಂಟೆ ಕಳೆಯುವಷ್ಟರಲ್ಲಿ ದಾರವು ಬಲವಾಗಿ ಜಗ್ಗಿತು. ಮಿತ್ರರು ಎದ್ದು ನಿಂತು ಕೋಲನ್ನು ಎಳೆದರು. ಮರುಕ್ಷಣದಲ್ಲಿ ದಾರ ಸಡಿಲಾಯಿತು. ಗಾಳವನ್ನು ಹೊರಗೆಳೆದು ನೋಡಿದರೆ ಅದರ ಮೊನೆಯಲ್ಲಿ ಮೀನಿನ ತುಟಿಯ ಚೂರೊಂದು ಮಾತ್ರ ಅಂಟಿಕೊಂಡಿತ್ತು. ಮೀನೂ ಸಿಗಲಿಲ್ಲ, ಅದು ಗಾಯಗೊಳ್ಳುವುದೂ ತಪ್ಪಲಿಲ್ಲ.

ನಮ್ಮಿಂದ ಐವತ್ತು ಹೆಜ್ಜೆ ದೂರದಲ್ಲಿ ಮಟಕಿಯ ಕಡೆಯ ಮುದುಕರೊಬ್ಬರು ಕುಳಿತಿದ್ದರು. ಅವರದು ಬಿದಿರಿನ ಕೋಲು, ತೆಳುವಾದ ನೈಲಾನ್ ದಾರ. ರೀಲು ಇರಲೇ ಇಲ್ಲ. ಸ್ವಲ್ಪ ಹೊತ್ತಿನಲ್ಲಿ ಅವರ ಗಾಳಕ್ಕೂ ಮೀನು ಬಿತ್ತು. ಅವರು ಎಳೆಯಲಿಲ್ಲ, ಮೀನು ಓಡಿದತ್ತ ತಾವೂ ದಡದ ಮೇಲೆ ನಡೆದರು, ಮೊಳಕಾಲುದ್ದ ನೀರಿಗೂ ಇಳಿದರು. ಹತ್ತು ನಿಮಿಷಗಳ ತರುವಾಯ ಎರಡು ಕಿಲೋ ತೂಗಬಹುದಾದ ರೋಹು ಮೀನು ಸುಸ್ತಾಗಿ ಅವರ ಕೈಗೆ ಬಂದಿತು.

ನಾವು ಹತ್ತಿರ ಹೋಗಿ, "ಕಾಕಾ, ನಮ್ಮದು ಯಾಕೆ ತಪ್ಪಿತು?" ಎಂದು ಕೇಳಿದೆವು.

"ಮಾಸ್ತರ್ರ, ನಿಮ್ಮ ದಾರ ಗಟ್ಟಿ ಅದ, ಖರೆ. ಆದ್ರ ಮೀನಿನ ಬಾಯಿ ಅಷ್ಟು ಗಟ್ಟಿ ಇರಬೇಕಲ್ರೀ? ಓಡ್ತೀನಿ ಅಂದ್ರ ಓಡ್ಲಿ ಬಿಡ್ರಿ. ದಣದ ಮ್ಯಾಲ ತಾನೇ ಬರ್ತದ" ಎಂದರು ಅವರು.

ತರಗತಿಯಲ್ಲಿ ವರ್ಷವರ್ಷವೂ ಬಲ, ಕೆಲಸ, ಶಕ್ತಿಗಳ ಪಾಠ ಹೇಳುವ ನಮಗೆ ಆ ಪಾಠದ ಅರ್ಥ ಅಂದು ದಡದ ಮೇಲೆ ಹೊಸದಾಗಿ ಆಯಿತೆಂದರೆ ಉತ್ಪ್ರೇಕ್ಷೆಯಲ್ಲ.

ಹಳೆಯ ವಿದ್ಯೆ

ಗಾಳದ ವಿದ್ಯೆ ಈ ಸೀಮೆಗೆ ಹೊಸದೇನೂ ಅಲ್ಲ. ಆಳಂದಕ್ಕೆ ಈಶಾನ್ಯದಲ್ಲಿರುವ ಬಸವಕಲ್ಯಾಣವು ಒಂದು ಕಾಲಕ್ಕೆ ಚಾಲುಕ್ಯರ ರಾಜಧಾನಿಯಾಗಿತ್ತು. ಅಲ್ಲಿ ಆಳಿದ ಮೂರನೆಯ ಸೋಮೇಶ್ವರನು 12ನೆಯ ಶತಮಾನದಲ್ಲಿ ರಚಿಸಿದ 'ಮಾನಸೋಲ್ಲಾಸ'ದಲ್ಲಿ ಮತ್ಸ್ಯವಿನೋದವೆಂಬ ಪ್ರಕರಣವೇ ಇದೆ. ಮೀನಿನ ಬಗೆಗಳು, ಅವುಗಳಿಗೆ ಹಾಕುವ ಆಹಾರ, ಗಾಳ ಹಾಕುವ ಕ್ರಮ ಇವೆಲ್ಲ ಅಲ್ಲಿ ಬಂದಿವೆ. ಪ್ರಸಿದ್ಧ ಮತ್ಸ್ಯವಿಜ್ಞಾನಿ ಸುಂದರಲಾಲ್ ಹೋರಾ ಅವರು 1951ರಲ್ಲಿ ಈ ಪ್ರಕರಣವನ್ನು ವಿಜ್ಞಾನಿಗಳ ಗಮನಕ್ಕೆ ತಂದರು. ಮುಂದೆ 19ನೆಯ ಶತಮಾನದಲ್ಲಿ, ದಕ್ಷಿಣ ಕನ್ನಡದಲ್ಲಿ ಅಧಿಕಾರಿಯಾಗಿದ್ದ ಹೆನ್ರಿ ಸಲಿವನ್ ಥಾಮಸ್ ಎಂಬ ಆಂಗ್ಲರು ಭಾರತದಲ್ಲಿ ಗಾಳ ಹಾಕುವ ಕಲೆಯನ್ನು ಕುರಿತ ಗ್ರಂಥವನ್ನು 1873ರಲ್ಲಿ ಪ್ರಕಟಿಸಿದರು. 1946ರಲ್ಲಿ ಕಪಿಲಾ ನದಿಯಲ್ಲಿ ಮೈಸೂರಿನ ವಾನ್ ಇಂಗೆನ್ ಅವರ ಗಾಳಕ್ಕೆ 120 ಪೌಂಡ್, ಎಂದರೆ ಸುಮಾರು 54 ಕಿಲೋಗ್ರಾಂ ತೂಕದ ಮಹಶೀರ್ ಸಿಕ್ಕಿತ್ತು.

ಇಂದು ಪೇಟೆಯಲ್ಲಿ ಸಿಗುವ ಕೋಲು, ರೀಲು, ಹುಸಿ ಎರೆಗಳಲ್ಲಿ ಅನೇಕವು ಅಮೆರಿಕದ ಬಾಸ್ ಎಂಬ ಬೇಟೆಗಾರ ಮೀನಿಗಾಗಿ ರೂಪುಗೊಂಡವು. ನಮ್ಮ ನೀರಿನಲ್ಲಿ ಅದಕ್ಕೆ ಹೋಲಿಸಬಹುದಾದದ್ದು ಕೊರವ ಮೀನು. ಇದೂ ಜೊಂಡಿನ ಮರೆಯಲ್ಲಿ ಹೊಂಚುಹಾಕಿ, ಕಪ್ಪೆಯನ್ನೋ ಸಣ್ಣ ಮೀನನ್ನೋ ಕಂಡಾಗ ಒಮ್ಮೆಲೇ ಎರಗುತ್ತದೆ. ಆದರೆ ರೋಹುವಿಗೂ ಕೊರವಕ್ಕೂ ಒಂದೇ ಸಲಕರಣೆ ಒಪ್ಪದು. ಹಾಗಾದರೆ ಆಯ್ಕೆ ಹೇಗೆ?

ಕೋಲು ಒಂದು ಸನ್ನೆ

ಸನ್ನೆಕೋಲಿನಿಂದ ಸಣ್ಣ ಬಲವು ದೊಡ್ಡ ಭಾರವನ್ನು ಎತ್ತುತ್ತದೆಂದು ನಾವು ಓದಿದ್ದೇವೆ. ಗಾಳದ ಕೋಲೂ ಸನ್ನೆಯೇ. ಆದರೆ ಇಲ್ಲಿ ಅನುಕೂಲವೆಲ್ಲ ಮೀನಿನ ಪಾಲಿಗೆ! ಎರಡು ಮೀಟರ್ ಉದ್ದದ ಕೋಲಿನ ಬುಡವನ್ನು ಸೊಂಟಕ್ಕೆ ಆನಿಸಿ, ಅಲ್ಲಿಂದ 40 ಸೆಂಟಿಮೀಟರ್ ಮೇಲೆ ಕೈಯಿಟ್ಟು ಹಿಡಿದಿದ್ದೇವೆಂದು ಭಾವಿಸೋಣ. ತುದಿಯನ್ನು ಮೀನು ಅಡ್ಡಲಾಗಿ ಒಂದು ಕಿಲೋಗ್ರಾಂ ಭಾರದಷ್ಟು ಬಲದಿಂದ ಎಳೆದರೆ, ನಮ್ಮ ಕೈ ಅದರ ಐದರಷ್ಟು ಬಲವನ್ನು ಹಾಕಬೇಕಾಗುತ್ತದೆ. ಇಂಥ ಕೋಲಿನಿಂದ ಮೂರು ಕಿಲೋ ಭಾರವನ್ನು ಎತ್ತಲು ಯತ್ನಿಸಿದವರಿಗೆ ಆ ಕಷ್ಟ ತಿಳಿದೀತು. ಹೀಗಿರುವಾಗ ತೆರೆದ ನೀರಿನಲ್ಲಿ ಇಪ್ಪತ್ತು ಕಿಲೋ ತಡೆಯುವ ದಾರದಿಂದ ಪ್ರಯೋಜನವೇನು? ಅಷ್ಟು ಬಲವನ್ನು ಕೋಲಿನ ಮೂಲಕ ನಾವು ಹಾಕಲಾರೆವು.

ಹಾಗೆಂದು ಕೋಲು ವ್ಯರ್ಥವಲ್ಲ. ಅದರ ನಿಜವಾದ ಕೆಲಸ ಬಾಗುವುದು. ಬಾಗಿದಾಗ ತುದಿಯು ಕೈಗೆ ಸಮೀಪವಾಗಿ ಸನ್ನೆಯ ತೋಳು ಕಿರಿದಾಗುತ್ತದೆ. ನಮ್ಮ ಶ್ರಮ ಕಡಿಮೆಯಾಗುತ್ತದೆ. ಅದಕ್ಕಿಂತ ಮುಖ್ಯವಾಗಿ, ಬಾಗುವ ಕೋಲು ಮೀನಿನ ಜಗ್ಗನ್ನು ದೀರ್ಘ ದೂರಕ್ಕೆ ಹಂಚುತ್ತದೆ. ಎರಡು ಕಿಲೋಗ್ರಾಂ ತೂಕದ ಮೀನು ಸೆಕೆಂಡಿಗೆ ಎರಡು ಮೀಟರ್ ವೇಗದಲ್ಲಿ ಓಡುತ್ತಿದ್ದರೆ ಅದರ ಚಲನಶಕ್ತಿ 4 ಜೂಲ್. ಬಿರುಸಾದ ಕೋಲೂ ಬಿಗಿದ ರೀಲೂ ಸೇರಿ ಅದನ್ನು 5 ಸೆಂಟಿಮೀಟರಿನೊಳಗೆ ನಿಲ್ಲಿಸಿದರೆ ಸರಾಸರಿ 80 ನ್ಯೂಟನ್, ಎಂದರೆ ಎಂಟು ಕಿಲೋ ಭಾರದಷ್ಟು ಬಲ ಬೀಳುತ್ತದೆ. ಅದೇ ಮೀನನ್ನು ಒಂದು ಮೀಟರ್ ದೂರದಲ್ಲಿ ನಿಧಾನವಾಗಿ ನಿಲ್ಲಿಸಿದರೆ 4 ನ್ಯೂಟನ್ ಸಾಕು. ಇದು ಅರ್ಧ ಕಿಲೋ ಭಾರಕ್ಕಿಂತ ಕಡಿಮೆ. ಓಡುವಾಗ ಮೀನು ಬಾಲ ಬಡಿದು ಹಾಕುವ ಬಲವನ್ನು ಇದಕ್ಕೆ ಸೇರಿಸಬೇಕಾದೀತು. ಆದರೂ ವ್ಯತ್ಯಾಸ ಸ್ಪಷ್ಟವಾಗಿದೆ. ನಮ್ಮ ಮಿತ್ರರ ಗಾಳಕ್ಕೆ ಸಿಕ್ಕ ತುಟಿ ಹರಿದದ್ದು ಏಕೆಂಬುದಕ್ಕೂ, ಕಾಕಾ ಅವರು ದಡದ ಮೇಲೆ ನಡೆದದ್ದು ಏಕೆಂಬುದಕ್ಕೂ ಉತ್ತರ ಇದೊಂದೇ ಲೆಕ್ಕದಲ್ಲಿದೆ. ರೀಲು ಇಲ್ಲದ ಅವರು ತಮ್ಮ ಕಾಲುಗಳಿಂದಲೇ ದೂರವನ್ನು ಹೆಚ್ಚಿಸಿದರು.

ದಾರ, ಗಂಟು, ಗಾಳ

ನೈಲಾನ್ 1935ರಲ್ಲಿ ಅಮೆರಿಕದ ರಸಾಯನವಿಜ್ಞಾನಿ ವಾಲೇಸ್ ಕರೋದರ್ಸ್ ಅವರ ಪ್ರಯೋಗಶಾಲೆಯಲ್ಲಿ ಹುಟ್ಟಿತು. ಒಂಟಿ ಎಳೆಯ ನೈಲಾನ್ ದಾರವು ಹರಿಯುವ ಮುನ್ನ ತನ್ನ ಉದ್ದದ ಐದನೆಯ ಒಂದು ಪಾಲಿನಷ್ಟಾದರೂ ಹಿಗ್ಗಬಲ್ಲುದು. ಈ ಸ್ಥಿತಿಸ್ಥಾಪಕತ್ವವು ಹೊಸಬರ ತಪ್ಪುಗಳನ್ನು ಎಷ್ಟೋ ಮಟ್ಟಿಗೆ ಮನ್ನಿಸುತ್ತದೆ. ಪಾಲಿಎಥಿಲೀನ್ ಎಳೆಗಳಿಂದ ಹೆಣೆದ ದಾರವಾದರೋ ಬಹು ಸ್ವಲ್ಪವೇ ಹಿಗ್ಗುತ್ತದೆ. ಮೀನು ಎರೆಯನ್ನು ಮುಟ್ಟಿದರೂ ಕೈಗೆ ತಿಳಿಯುವುದು ಅದರ ಗುಣ. ಜಗ್ಗನ್ನು ನೇರವಾಗಿ ಮೀನಿನ ಬಾಯಿಗೆ ದಾಟಿಸುವುದು ಅದರ ದೋಷ. ಅಂಥ ದಾರವನ್ನು ಬಳಸುವವರು ಬಾಗುವ ಕೋಲನ್ನು ಆರಿಸಬೇಕು, ರೀಲನ್ನು ಸಡಿಲವಾಗಿಡಬೇಕು.

ಎಷ್ಟು ಸಡಿಲ? ದಾರವು ತಡೆಯುವ ಭಾರದ ಮೂರನೆಯ ಅಥವಾ ನಾಲ್ಕನೆಯ ಒಂದು ಪಾಲಿನಷ್ಟು ಎಳೆತಕ್ಕೆ ರೀಲು ತಿರುಗಿ ದಾರವನ್ನು ಬಿಡುವಂತಿರಬೇಕು. ಇಲ್ಲೊಂದು ಸೂಕ್ಷ್ಮವಿದೆ. ಮೀನು ಓಡಿದಂತೆ ಸುರುಳಿಯ ದಪ್ಪ ಕಡಿಮೆಯಾಗುತ್ತದೆ. ರೀಲಿನ ತಡೆಯ ತಿರುಚುಬಲ ಮಾತ್ರ ಹಾಗೆಯೇ ಇರುತ್ತದೆ. ಆದಕಾರಣ ಸುರುಳಿಯ ತ್ರಿಜ್ಯ ಅರ್ಧಕ್ಕೆ ಇಳಿದಾಗ ದಾರದ ಮೇಲಿನ ಬಿಗಿತ ಇಮ್ಮಡಿಯಾಗುತ್ತದೆ. ಮೀನು ದೂರ ಹೋದಾಗ ತಿರುಪನ್ನು ಬಿಗಿಯುವವರು ಈ ಕಾರಣದಿಂದಲೇ ದಾರವನ್ನು ಕಳೆದುಕೊಳ್ಳುತ್ತಾರೆ.

ಗಂಟನ್ನು ಬಿಗಿಯುವ ಮುನ್ನ ನೀರಿನಿಂದ ತೋಯಿಸಬೇಕು. ಒಣ ದಾರದ ಘರ್ಷಣೆಯಿಂದ ಹುಟ್ಟುವ ಶಾಖ ನೈಲಾನನ್ನು ದುರ್ಬಲಗೊಳಿಸುತ್ತದೆ. ಬಿಸಿಲಿನ ಅತಿನೇರಳೆ ಕಿರಣಗಳೂ ಅದಕ್ಕೆ ವೈರಿ. ನಮ್ಮ ಸೀಮೆಯ ಬಿಸಿಲಲ್ಲಿ ಹಳೆಯ ದಾರವನ್ನು ನಂಬಬಾರದು. ಗಾಳದ ಮೊನೆ ಹರಿತವಾಗಿರಲಿ. ಒತ್ತಡವೆಂದರೆ ಬಲವನ್ನು ವಿಸ್ತೀರ್ಣದಿಂದ ಭಾಗಿಸಿದ್ದು ತಾನೆ? ಮೊನೆ ಚೂಪಾದಷ್ಟೂ ಸಣ್ಣ ಎಳೆತ ಸಾಕು. ಉಗುರಿನ ಮೇಲೆ ಮೊನೆಯನ್ನಿಟ್ಟರೆ ಜಾರದೆ ಕಚ್ಚಿ ನಿಲ್ಲಬೇಕು.

ಮೊದಲು ನೀರನ್ನು ನೋಡಿ

ಸಲಕರಣೆ ಸರಿಯಿದ್ದರೂ ನೀರು ದಿನಕ್ಕೊಂದು ಬಗೆ. ಬೇರೆಬೇರೆ ಮೀನುಗಳು ಬೇರೆಬೇರೆ ಆಳದಲ್ಲಿ ಮೇಯುತ್ತವೆ. ಕಾಟ್ಲಾ ಮೀನಿನ ಬಾಯಿ ಮೇಲ್ಮುಖವಾಗಿದೆ. ಅದು ಮೇಲಿನ ನೀರಿನಲ್ಲಿ ಆಹಾರ ಹುಡುಕುತ್ತದೆ. ರೋಹು ನಡುನೀರಿನದು, ಮೃಗಾಲ್ ತಳದ್ದು. ಜೋಳದ ಹಿಟ್ಟು, ಶೇಂಗಾ ಹಿಂಡಿಗಳ ಉಂಡೆ ಯಾವ ಆಳದಲ್ಲಿರಬೇಕೆಂಬುದನ್ನು ಬೆಂಡು ನಿರ್ಧರಿಸುತ್ತದೆ. ಬೆಂಡಿನ ತುದಿ ಮಾತ್ರ ಕಾಣುವಂತೆ ಸೀಸದ ಗುಂಡುಗಳನ್ನು ಕಟ್ಟಬೇಕು. ಬೆಂಡಿನ ಹೆಚ್ಚಿನ ಭಾಗ ನೀರಿನ ಮೇಲಿದ್ದರೆ, ಮೀನು ಅದನ್ನು ಮುಳುಗಿಸುವಾಗ ಆರ್ಕಿಮಿಡೀಸನ ತತ್ತ್ವದಂತೆ ಅಷ್ಟು ನೀರಿನ ತೂಕವನ್ನು ಎದುರಿಸಬೇಕಾಗುತ್ತದೆ. ಶಂಕೆಗೊಂಡು ಉಂಡೆಯನ್ನು ಉಗುಳುತ್ತದೆ.

ಮೀನು ನಮ್ಮನ್ನು ಹೇಗೆ ಕಾಣುತ್ತದೆ? ವಕ್ರೀಭವನದಿಂದಾಗಿ ನೀರಿನ ಹೊರಗಿನ ಜಗತ್ತೆಲ್ಲ ಅದರ ಕಣ್ಣಿಗೆ ತಲೆಯ ಮೇಲಿನ ಒಂದು ದುಂಡು ಕಿಟಕಿಯೊಳಗೆ ಅಡಕವಾಗಿರುತ್ತದೆ. ಒಂದು ಮೀಟರ್ ಆಳದಲ್ಲಿರುವ ಮೀನಿಗೆ ಈ ಕಿಟಕಿಯ ತ್ರಿಜ್ಯ ಸುಮಾರು 1.1 ಮೀಟರ್. ದಡದಲ್ಲಿ ನಿಂತವನು ಅದರ ಅಂಚಿನಲ್ಲಿ ಕಾಣುತ್ತಾನೆ. ಕುಳಿತವನು ಅಂಚಿನಲ್ಲಿ ಚಪ್ಪಟೆಯಾಗಿ ಅಡಗುತ್ತಾನೆ. ಆದುದರಿಂದಲೇ ಕಾಕಾ ಅವರು ಗಾಳ ಹಾಕಿ ಕೂರುತ್ತಿದ್ದರು, ನಾವು ನಿಲ್ಲುತ್ತಿದ್ದೆವು. ಮಾತಿನ ಸದ್ದು ಗಾಳಿಯಿಂದ ನೀರಿಗೆ ಬಹು ಸ್ವಲ್ಪವೇ ದಾಟುತ್ತದೆ. ಹೆಜ್ಜೆಯ ಸದ್ದಾದರೋ ನೆಲದ ಮೂಲಕ ಸುಲಭವಾಗಿ ಹೋಗುತ್ತದೆ. ಆದಕಾರಣ ಮಾತಾಡಿದರೂ ಚಿಂತೆಯಿಲ್ಲ, ದಪದಪ ನಡೆಯಬಾರದು.

ಮಳೆ ಬಂದು ಕರಿಮಣ್ಣು ಕದಡಿದ ನೀರಿನಲ್ಲಿ ಕಣ್ಣಿನ ಆಟ ನಡೆಯದು. ಆಗ ಕೊರವಕ್ಕೆ ನೀರನ್ನು ಕಲಕುವ, ಗರಗರನೆ ತಿರುಗುವ ಹುಸಿ ಎರೆ ಮೇಲು. ಮೀನಿನ ಪಕ್ಕೆಯ ಉದ್ದಕ್ಕೂ ಇರುವ ಸಂವೇದನಾರೇಖೆ ಆ ಕಂಪನವನ್ನು ಹಿಡಿಯುತ್ತದೆ. ಕೊರವ ಜೊಂಡಿನೊಳಗೆ ನುಗ್ಗುವುದರಿಂದ ಅಲ್ಲಿ ಮಾತ್ರ ದಪ್ಪ ದಾರಕ್ಕೂ ಬಿರುಸು ಕೋಲಿಗೂ ಅರ್ಥವಿದೆ. ನೋಡಿ, ಒಂದು ಕಡೆ ದೋಷವಾದದ್ದು ಇನ್ನೊಂದು ಕಡೆ ಗುಣ!

ಬೇಸಗೆಯಲ್ಲಿ ಆಮ್ಲಜನಕದ ಲೆಕ್ಕವನ್ನೂ ಹಾಕಬೇಕು. 20 ಡಿಗ್ರಿ ಸೆಲ್ಸಿಯಸ್ ಉಷ್ಣತೆಯ ಒಂದು ಲೀಟರ್ ನೀರು ಸುಮಾರು 9 ಮಿಲಿಗ್ರಾಂ ಆಮ್ಲಜನಕವನ್ನು ಕರಗಿಸಿಕೊಳ್ಳಬಲ್ಲುದು. 30 ಡಿಗ್ರಿಯಲ್ಲಿ ಸುಮಾರು 7.5 ಮಿಲಿಗ್ರಾಂ ಮಾತ್ರ. ಆಗ ಗಾಳಿ ಯಾವ ದಡಕ್ಕೆ ಅಲೆಗಳನ್ನು ತಳ್ಳುತ್ತಿದೆಯೋ ಅಲ್ಲಿಗೆ ಹೋಗುವುದು ಲೇಸು. ಅಲೆಗಳು ಆಮ್ಲಜನಕವನ್ನು ಬೆರೆಸುತ್ತವೆ, ತೇಲುವ ಆಹಾರವೂ ಅಲ್ಲಿ ಸೇರುತ್ತದೆ. ಕೊರವಕ್ಕೆ ಈ ಚಿಂತೆಯಿಲ್ಲ. ಅದು ಮೇಲೆ ಬಂದು ಗಾಳಿಯನ್ನೇ ಉಸಿರಾಡುತ್ತದೆ. ಹಾಗೆ ಬಂದಾಗ ಏಳುವ ಗುಳ್ಳೆಗಳು ಅದರ ಜಾಗವನ್ನು ತೋರಿಸಿಕೊಡುತ್ತವೆ.

ಮೀನೂ ಉಳಿಯಬೇಕು

ಕೊರವ ದಂಪತಿಗಳು ತಮ್ಮ ಮರಿಗಳ ಗುಂಪನ್ನು ಕಾಯುತ್ತವೆ. ಕೆಂಬಣ್ಣದ ಮರಿಗಳ ಗುಂಪು ನೀರಿನ ಮೇಲೆ ಕಂಡರೆ ಅಲ್ಲಿ ಗಾಳ ಹಾಕಬಾರದು. ತಾಯಿತಂದೆಗಳನ್ನು ಹಿಡಿದರೆ ಮರಿಗಳೆಲ್ಲ ಬೇರೆ ಮೀನುಗಳ ಬಾಯಿಗೆ ಬೀಳುತ್ತವೆ. ಕಾವೇರಿ ಸೀಮೆಯ ಡುಬ್ಬದ ಮಹಶೀರ್ ಮೀನಿನ ವೈಜ್ಞಾನಿಕ ಹೆಸರು 2018ರಲ್ಲಿ ಖಚಿತವಾಯಿತು. ಅದೇ ವರ್ಷ ಅದು ಅಳಿವಿನ ಅಂಚಿಗೆ ಬಂದ ಜೀವಿಗಳ ಪಟ್ಟಿಯನ್ನು ಸೇರಿತು. ಬೃಹತ್ ಗಾತ್ರಕ್ಕೆ ಹೆಸರಾದ ಮೀನಿಗೇ ಈ ಗತಿ ಬಂದಿತೆಂಬುದನ್ನು ನಾವು ಮರೆಯಬಾರದು.

ಮುಂದಿನ ತಿಂಗಳು ಅದೇ ದಡಕ್ಕೆ ನಾವು ಮತ್ತೆ ಹೋದೆವು. ಮಿತ್ರರು ತೆಳು ನೈಲಾನ್ ದಾರ ಕಟ್ಟಿದ್ದರು, ಗಾಳದ ಹಿಂಮುಳ್ಳನ್ನು ಇಕ್ಕಳದಿಂದ ಒತ್ತಿ ಮಟ್ಟ ಮಾಡಿದ್ದರು, ರೀಲು ಸಡಿಲವಾಗಿತ್ತು. ಗಾಳಿ ಬೀಸುತ್ತಿದ್ದ ದಿಕ್ಕನ್ನು ನೋಡಿ ಎದುರು ದಡಕ್ಕೆ ಹೋಗಿ ಕುಳಿತೆವು. ಬಿದ್ದ ಮೀನು ಮೂರು ಸಲ ಓಡಿತು. ಮೂರು ಸಲವೂ ಓಡಲು ಬಿಟ್ಟೆವು. ಕೊನೆಗೆ ಬಂದದ್ದು ಒಂದು ಕಿಲೋವಿನ ರೋಹು. ಅದರ ತುಟಿ ಹರಿದಿರಲಿಲ್ಲ. ಮೈಮೇಲಿನ ಲೋಳೆ ಕೆಡದಂತೆ ಕೈ ತೋಯಿಸಿಕೊಂಡು ಮಿತ್ರರು ಅದನ್ನು ನೀರಿಗೆ ಬಿಟ್ಟರು.

ಕಾಕಾ ಅವರು ಅಂದೂ ಅಲ್ಲಿದ್ದರು. ಹಿಡಿದ ಮೀನನ್ನು ಬಿಡುವುದು ಅವರಿಗೆ ಸೋಜಿಗವಾಗಿ ಕಂಡಿರಬೇಕು. ಅವರ ಮನೆಯ ಒಲೆ ಈ ನೀರನ್ನು ನಂಬಿದೆ. ಆದರೆ ನಮ್ಮ ದಾರವನ್ನು ಬೆರಳಿನಿಂದ ಮುಟ್ಟಿ ನೋಡಿ, "ಈಗ ಸರಿ ಅದ ನೋಡ್ರಿ" ಎಂದರು. ಪರೀಕ್ಷೆಯಲ್ಲಿ ತೇರ್ಗಡೆಯಾದ ವಿದ್ಯಾರ್ಥಿಗಳ ಸಂತೋಷ ಅಂದು ನಮ್ಮದಾಯಿತು.